ನೆರಳಿಗೆ ಕೂರಬಾರದ ಮರ

ಅಮ್ಮ ಮೆಲ್ಬರ್ನ್‌ಗೆ ಬಂದ ಮೊದಲ ಭಾನುವಾರ ಚಿತ್ರಾನ್ನದ ಡಬ್ಬಿ ಹಿಡಿದು ಯಾರಾ ನದಿಯ ದಡಕ್ಕೆ ಹೋಗಿದ್ದೆವು. ಜನವರಿ, ಇಲ್ಲಿ ಸುಡುಬೇಸಿಗೆ. ದಡದಲ್ಲೊಂದು ಭಾರೀ ಮರ. ಮೂರು ಜನ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಅಮ್ಮ ಸೀದಾ ಅದರ ಬುಡದಲ್ಲಿ ಜಮಖಾನೆ ಹಾಸಲು ಹೋದಳು.

"ಅಲ್ಲಿ ಬೇಡಮ್ಮ, ಕೊಂಬೆ ಬೀಳುತ್ತೆ."

"ಗಾಳಿನೇ ಇಲ್ಲ, ಅದ್ಹೇಗೋ ಬೀಳುತ್ತೆ?"

ಈ ಮರದ ಚಾಳಿಯೇ ಅದು. ಹೆಸರು ರಿವರ್ ರೆಡ್ ಗಮ್. ಎಲೆ ಕೂಡ ಅಲ್ಲಾಡದ ಮಧ್ಯಾಹ್ನ, ಗಟ್ಟಿಮುಟ್ಟಾಗಿ ಕಾಣುವ ಕೊಂಬೆಯನ್ನು ಸುಮ್ನೆ ಕೆಳಗೆ ಬಿಟ್ಟುಬಿಡುತ್ತದೆ. ಹೆಂಗಸರ ತಾಳಿ ಕೀಳುವ ಮರ ಎಂಬರ್ಥದ ಅಡ್ಡಹೆಸರೂ ಇದೆ. ಅದನ್ನು ಅಮ್ಮನಿಗೆ ಹೇಳಲಿಲ್ಲ. ನೆರಳಾದರೂ ಎಲ್ಲಿ? ಎಲೆಗಳೆಲ್ಲ ಜೋತುಬಿದ್ದು ಬಿಸಿಲಿಗೆ ಅಂಚನ್ನಷ್ಟೇ ತೋರಿಸುತ್ತವೆ.

ಅಮ್ಮ ಬಿದ್ದಿದ್ದ ಎಲೆಯೊಂದನ್ನು ಹೊಸಕಿ ಮೂಸಿದಳು. "ಅಯ್ಯೋ, ನೀಲಗಿರಿ ಕಣೋ ಇದು!"

ಹೌದು. ನಮ್ಮ ಕೋಲಾರದ ನೀಲಗಿರಿಯ ದಾಯಾದಿ. ಆದರೆ ಅಮ್ಮ ಕಂಡ ನೀಲಗಿರಿ ಬರೀ ಗಳ. ಏಳೆಂಟು ವರ್ಷಕ್ಕೆ ಕಡಿ, ಬುಡದಿಂದ ಚಿಗುರಿದ್ದನ್ನು ಬೆಳೆಸಿ ಮತ್ತೆ ಕಡಿ. ನೀರು ಕುಡಿಯುತ್ತದೆ ಅಂತ ಬೈಸಿಕೊಂಡು, ಕೊನೆಗೆ 2017ರಲ್ಲಿ ಹೊಸದಾಗಿ ನೆಡುವುದಕ್ಕೇ ಸರ್ಕಾರ ನಿಷೇಧ ಹಾಕಿತು.

"ಇದ್ಯಾಕೋ ಇಷ್ಟು ಸೊಟ್ಟ?"

ವಯಸ್ಸಮ್ಮ. ಈ ದೇಶದ ಮರ್ರೆ ಎಂಬ ನದಿಯ ಬಯಲಲ್ಲಿ ಈ ಜಾತಿಯ ದೊಡ್ಡ ಕಾಡುಗಳಿವೆ. ಅಲ್ಲಿ ಪ್ರವಾಹ ಬಂದು ಇಳಿದ ಮೇಲೆ ಹಸಿ ಕೆಸರಲ್ಲಿ ಸಸಿಗಳು ನಾಟಿ ಹಾಕಿದ ಹಾಗೆ ಏಳುತ್ತವೆ. ಉಳಿಯುವುದು ಬೆರಳೆಣಿಕೆಯಷ್ಟು. ಉಳಿದದ್ದು ನೂರಾರು ವರ್ಷ ಬಾಳುತ್ತದೆ. ಕೊಂಬೆ ಮುರಿದ ಗಾಯ ನಿಧಾನಕ್ಕೆ ಕೊಳೆತು ಒಳಗೆ ಟೊಳ್ಳಾಗುತ್ತದೆ. ಹಕ್ಕಿ ಸಂಸಾರ ಹೂಡುವಷ್ಟು ದೊಡ್ಡ ಪೊಟರೆಗೆ ನೂರು ವರ್ಷವಾದರೂ ಬೇಕು.

ಅಷ್ಟರಲ್ಲಿ ಮೇಲಿನ ಪೊಟರೆಯಿಂದ ಹಳದಿ ಜುಟ್ಟಿನ ಬಿಳಿ ಕೊಕಟೂ ತಲೆ ಹೊರಗೆ ಹಾಕಿ ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಬೆಚ್ಚಿದ ಅಮ್ಮ ಆಮೇಲೆ ನಕ್ಕಳು.

ತಲೆಗೆ ಸೆರಗು ಹೊದ್ದು ದೂರ ಬಿಸಿಲಲ್ಲೇ ಕೂತಳು. ಚಿತ್ರಾನ್ನ ತಿನ್ನುವಾಗಲೂ ಕಣ್ಣು ಪೊಟರೆಯ ಮೇಲೇ.

"ನಮ್ಮೂರ ತೋಪಲ್ಲಿ ಒಂದು ಗೂಡು ನೋಡಿದ ನೆನಪೂ ಇಲ್ವಲ್ಲೋ."

ಎಲ್ಲಿಂದ ಬರಬೇಕು? ಮರಕ್ಕೆ ಎಂಟು ತುಂಬುತ್ತಿದ್ದ ಹಾಗೇ ಲಾರಿ ಬಂದು ನಿಲ್ಲುತ್ತಿತ್ತು.