ಜೇಸನ್-3 ಕೆಟ್ಟಿರಲಿಲ್ಲ: ಒಂದು ಸ್ಪಷ್ಟನೆ

ಮಂಡ್ಯದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಸಮುದ್ರದ ಮಟ್ಟ ಅಳೆಯುವ ಜೇಸನ್-3 ಉಪಗ್ರಹ ಕೆಟ್ಟುಹೋಯಿತಂತೆ, ಅದಕ್ಕೇ ಅದರ ಬೆನ್ನಿಗೆ ಅದೇ ಕೆಲಸದ ಹೊಸ ಉಪಗ್ರಹ ಸೆಂಟಿನೆಲ್-6 ಹಾರಿಸಿದರಂತೆ, ಹಳೆಯ ಲೆಕ್ಕವೆಲ್ಲ ಸುಳ್ಳಂತೆ. ಇದು ತಪ್ಪು.

ಸೆಂಟಿನೆಲ್-6 ಮೇಲೇರಿದ್ದು 2020ರ ನವೆಂಬರ್ 21ರಂದು. ಆಗ ಜೇಸನ್-3 ಕೆಲಸ ಮಾಡುತ್ತಲೇ ಇತ್ತು. ಬೇಕಂತಲೇ ಎರಡನ್ನೂ ಸುಮಾರು 1,336 ಕಿ.ಮೀ. ಎತ್ತರದ ಒಂದೇ ಹಾದಿಯಲ್ಲಿ, ಬರೀ 30 ಸೆಕೆಂಡ್ ಅಂತರದಲ್ಲಿ, ವರ್ಷದಷ್ಟು ಕಾಲ ಓಡಿಸಿದರು. 30 ಸೆಕೆಂಡಿನಲ್ಲಿ ಸಮುದ್ರದ ಮಟ್ಟ ಅಷ್ಟೇನೂ ಬದಲಾಗುವುದಿಲ್ಲ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದು ಯಂತ್ರದ್ದು, ನೀರಿನದ್ದಲ್ಲ. ಆಲೆಮನೆಗೆ ಹೊಸ ತಕ್ಕಡಿ ತಂದಾಗ ಅದೇ ಬೆಲ್ಲದ ಅಚ್ಚನ್ನು ಹಳೆಯದರಲ್ಲೂ ತೂಗಿ ನೋಡುತ್ತೇವೆ, ಅಲ್ವಾ? ಸಮುದ್ರ ವರ್ಷಕ್ಕೆ ಏರುವುದೇ ಕೆಲವು ಮಿಲಿಮೀಟರ್. ತಾಳೆ ನೋಡದಿದ್ದರೆ ಇಂಥ ಉಪಗ್ರಹಗಳಿಂದ 1992ರಿಂದ ಬಂದ ಲೆಕ್ಕದ ಎಳೆ ಕಡಿದುಹೋಗುತ್ತದೆ.

ನಮ್ಮ ಇಸ್ರೋ ಫ್ರಾನ್ಸ್ ಜೊತೆ ಸೇರಿ 2013ರಲ್ಲಿ ಹಾರಿಸಿದ, ಸಮುದ್ರದ ಮಟ್ಟವನ್ನೇ ಅಳೆಯುವ ಸರಳ್ ಉಪಗ್ರಹದ ಅಳತೆಯನ್ನೂ ಲಕ್ಷದ್ವೀಪದ ಕವರತ್ತಿಯ ನೀರಿನ ಮಟ್ಟದೊಂದಿಗೆ ತಾಳೆ ನೋಡಿದ್ದರು.

ಕೆಆರ್‌ಎಸ್ ಮಟ್ಟವನ್ನೂ ಸೆಂಟಿನೆಲ್-6 ತಿರುಚುತ್ತದೆ ಅಂತ ಸಂದೇಶದ ಕೊನೆಯಲ್ಲಿದೆ. ಅದಂತೂ ಸುಮ್ನೆ ಕಟ್ಟಿದ ಮಾತು. 124.80 ಅಡಿ ತುಂಬಿತೋ ಇಲ್ಲವೋ ಎಂದು ನೋಡುವುದು ಕಟ್ಟೆಯಲ್ಲೇ ಇರುವ ಅಳತೆಯಿಂದ.