ಕಾರಿಗೆ ರಸ್ತೆಯ ಜಾರಿಕೆ ಮೊದಲೇ ಗೊತ್ತಾಗುತ್ತದೆಯೇ?

‘ಹೊಸ ಕಾರುಗಳ ಸೆನ್ಸರ್ ರಸ್ತೆ ಎಷ್ಟು ಜಾರುತ್ತದೆಂದು ಮೊದಲೇ ಅಳೆಯುತ್ತದೆ, ಮಳೆಗೆ ಹೆದರಬೇಡಿ’ ಎಂಬ ಮೆಸೇಜ್ ಓಡಾಡುತ್ತಿದೆ. ಅದು ಪೂರ್ತಿ ನಿಜವಲ್ಲ.

ಸಾಮಾನ್ಯ ಕಾರಿನಲ್ಲಿ ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆಯನ್ನು ನೇರವಾಗಿ ಅಳೆಯುವ ಸಾಧನವೇ ಇರುವುದಿಲ್ಲ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ, ಗಾಡಿ ಎಷ್ಟು ಬೇಗ ದಿಕ್ಕು ಬದಲಿಸುತ್ತಿದೆ ಎಂಬುದನ್ನು ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಂದಾಜು ಅಷ್ಟೇ.

ತೊಡಕು ಇಲ್ಲೇ ಇದೆ. ನೇರ ರಸ್ತೆಯಲ್ಲಿ ಸುಮ್ನೆ ಹೋಗುವಾಗ ಟೈರ್ ತನ್ನ ಹಿಡಿತದಲ್ಲಿ ಸ್ವಲ್ಪವನ್ನಷ್ಟೇ ಬಳಸುತ್ತದೆ. ಆಗ ಕಂಪ್ಯೂಟರ್‌ಗೆ ಒಣ ಡಾಂಬರೂ ಒಂದೇ, ಒದ್ದೆ ಡಾಂಬರೂ ಒಂದೇ! ಬ್ರೇಕ್ ಒತ್ತಿ ಚಕ್ರ ಜಾರತೊಡಗಿದ ಮೇಲೆಯೇ ಮಿತಿ ಕಾಣುವುದು. ಘರ್ಷಣಾಂಕ (ಟೈರ್-ರಸ್ತೆ ಹಿಡಿತದ ಅಳತೆ; ಕಡಿಮೆಯಾದಷ್ಟೂ ಜಾರಿಕೆ ಹೆಚ್ಚು) 0.8 ಇದ್ದರೆ 80 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 32 ಮೀಟರ್‌ನಲ್ಲಿ ನಿಲ್ಲುತ್ತದೆ. 0.4 ಆದರೆ 63 ಮೀಟರ್ ಬೇಕು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಇಲ್ಲದ ಹಿಡಿತ ಎಲ್ಲಿಂದ ಬರಬೇಕು, ಅಲ್ವಾ?