ಮಿದುಳಿನ ಮುಚ್ಚುಮರೆ

ಇದನ್ನು ಓದುತ್ತಿರುವಾಗಲೂ ನಿಮ್ಮ ಮೂಗು ನಿಮ್ಮ ಕಣ್ಣಿಗೆ ಬೀಳುತ್ತಲೇ ಇದೆ. ಬೇಕಾದರೆ ಒಂದು ಕಣ್ಣು ಮುಚ್ಚಿ ನೋಡಿ, ಪಕ್ಕದಲ್ಲೇ ಮಸುಕಾಗಿ ನಿಂತಿದೆ. ಎಚ್ಚರವಿದ್ದಷ್ಟು ಹೊತ್ತೂ ಅದು ಅಲ್ಲೇ ಇರುತ್ತದೆ. ‘ಇದು ದಿನಾ ಇರೋದೇ’ ಅಂತ ಮಿದುಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಷ್ಟೇ. ಈಗ ನೆನಪಿಸಿದೆನಲ್ಲ, ಇನ್ನು ಸ್ವಲ್ಪ ಹೊತ್ತು ಕಾಟ ಕೊಡುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಇರುವುದನ್ನು ಮರೆಮಾಡುವುದು ಸಣ್ಣ ಕೆಲಸ. ಮಿದುಳಿನ ನಿಜವಾದ ಕೈಚಳಕ ಇರುವುದು ಇಲ್ಲದ್ದನ್ನು ಇದೆ ಅಂತ ತೋರಿಸುವುದರಲ್ಲಿ. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಅಕ್ಕಪಕ್ಕ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಲ್ಲಿ ಎಡ ಹೆಬ್ಬೆರಳನ್ನೇ ನೋಡುತ್ತಾ, ಬಲ ಹೆಬ್ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ತುಸು ಕಡಿಮೆ ದೂರ ಹೋಗುವಷ್ಟರಲ್ಲಿ ಅದರ ತುದಿ ಮಾಯ! ಆಸೆ ತಡೆಯದೆ ಆ ಕಡೆ ಕಣ್ಣು ಹಾಯಿಸಿದಿರೋ, ಆಟ ಕೆಟ್ಟಿತು. ನನಗೆ ಸೋಜಿಗವೆನಿಸುವುದು ಬೆರಳು ಮಾಯವಾಗುವುದಲ್ಲ, ಆ ಜಾಗದಲ್ಲಿ ತೂತು ಕಾಣದಿರುವುದು. ಹಿಂದೆ ಬಿಳಿ ಗೋಡೆಯಿದ್ದರೆ ಅಲ್ಲೂ ಬಿಳಿ ಗೋಡೆಯೇ ಕಾಣುತ್ತದೆ. ಹರಿದ ಬಟ್ಟೆಗೆ ಅದೇ ಬಣ್ಣದ ತೇಪೆ ಹಾಕಿದ ಹಾಗೆ, ಮಿದುಳು ಸುತ್ತಲಿನದನ್ನೇ ಎಳೆದು ಅಲ್ಲಿಗೂ ಹೊದಿಸಿಬಿಡುತ್ತದೆ.

ಕಾರಣ ಇಷ್ಟೇ. ಕಣ್ಣಿನ ಹಿಂಬದಿಯ ಒಳಪದರ ರೆಟಿನಾ. ಅಲ್ಲಿಂದ ಮಿದುಳಿಗೆ ಹೊರಡುವ ಹತ್ತು ಲಕ್ಷದಷ್ಟು ನರದ ಎಳೆಗಳು ಒಂದೇ ಕಡೆ ಸೇರಿ ಹೊರಬೀಳುತ್ತವೆ. ಅಲ್ಲಿ ಬೆಳಕು ಹಿಡಿಯುವ ಜೀವಕೋಶಗಳಿಗೆ ಜಾಗವೇ ಇಲ್ಲ. ಈ ಕುರುಡುಚುಕ್ಕೆಯ ಗುಟ್ಟನ್ನು 1668ರಲ್ಲಿ ಬಯಲು ಮಾಡಿದವನು ಫ್ರಾನ್ಸಿನ ಎಡ್ಮ್ ಮಾರಿಯೊಟ್. ಅಲ್ಲಿಯವರೆಗೆ ಕಣ್ಣಿಗೊಂದರಂತೆ ತೂತು ಹೊತ್ತುಕೊಂಡೇ ಜನ ‘ಕಣ್ಣಾರೆ ಕಂಡೆ’ ಅಂತ ಸಾಕ್ಷಿ ಹೇಳುತ್ತಿದ್ದರು. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಒಂದು ಕಣ್ಣು ಮುಚ್ಚಿಕೊಂಡು ಆಸ್ಥಾನದವರ ತಲೆಗಳನ್ನು ಹೀಗೇ ‘ಹಾರಿಸುತ್ತಿದ್ದ’ ಎಂಬ ಕಥೆಯೂ ಇದೆ. ಅವನ ಅಪ್ಪನ ತಲೆ 1649ರಲ್ಲಿ ನಿಜವಾಗಿಯೇ ಹಾರಿತ್ತು. ಆಡುವುದಕ್ಕೆ ಬೇರೆ ಆಟ ಸಿಗಲಿಲ್ಲವೇ ಪುಣ್ಯಾತ್ಮನಿಗೆ!

ಆಕ್ಟೋಪಸ್‌ಗೆ ಈ ತಾಪತ್ರಯವಿಲ್ಲ. ಅದರ ಕಣ್ಣಲ್ಲಿ ನರಗಳು ರೆಟಿನಾದ ಹಿಂದಿನಿಂದಲೇ ಹೊರಡುತ್ತವೆ. ನಮ್ಮವು ಮುಂದಿನಿಂದ ಹೊರಟು, ರೆಟಿನಾ ತೂರಿಕೊಂಡು ಹಿಂದಕ್ಕೆ ಹೋಗಬೇಕು. ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ.

ಕನ್ನಡಿ ಮುಂದೆಯೂ ಇದೇ ಮೋಸ. ನಿಮ್ಮ ಎಡಗಣ್ಣು ನೋಡಿಕೊಳ್ಳಿ, ತಕ್ಷಣ ಬಲಗಣ್ಣು ನೋಡಿಕೊಳ್ಳಿ. ಗುಡ್ಡೆ ಹೊರಳಿದ್ದು ಕಂಡಿತಾ? ಇಲ್ಲ ಅಲ್ವಾ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿಯೇ ಕಾಣುತ್ತದೆ. ಕಣ್ಣು ಸೆಕೆಂಡಿಗೆ ಮೂರು ಸಲದಷ್ಟು ಹೀಗೆ ಜಿಗಿಯುತ್ತಿರುತ್ತದೆ. ಜಿಗಿಯುವಾಗಿನ ಕಲಸಿಹೋದ ನೋಟವನ್ನು ಮಿದುಳು ನಮ್ಮವರೆಗೆ ಬಿಡುವುದೇ ಇಲ್ಲ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಪರದೆಯ ಚಿತ್ರ ಚೂರು ತಡವಾಗಿ ಬರುವುದರಿಂದ, ಕಣ್ಣು ನಿಂತ ಮೇಲೆ ಅದರ ಜಿಗಿತ ಕಾಣುತ್ತದೆ.

ಹಾಗಂತ ಬೈಯಲು ಮನಸ್ಸು ಬರುವುದಿಲ್ಲ. ಸುಮಾರು 1.4 ಕಿಲೊ ತೂಗುವ ಈ ಮುದ್ದೆ ಕೂತಿರುವುದು ಕತ್ತಲ ಬುರುಡೆಯೊಳಗೆ. ಕಣ್ಣು ಮುಂದಿದ್ದರೆ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಕೆಲಸ ಶುರುವಾಗುವುದು ತಲೆಯ ಹಿಂತುದಿಯಲ್ಲಿ. ಬರೀ ನರಗಳ ಮಿಡಿತ ಹಿಡಿದುಕೊಂಡು ಬಣ್ಣ, ದೂರ, ಮುಖ ಎಲ್ಲ ಕಟ್ಟಿಕೊಡಬೇಕು. ಮೈತೂಕದ 2% ಇದ್ದರೂ, ನಾವು ಸುಮ್ನೆ ಕೂತಾಗ ಮೈಗೆ ಖರ್ಚಾಗುವ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಇದೊಂದೇ ನುಂಗುತ್ತದೆ ಅಂದರೆ ಆಶ್ಚರ್ಯವಿಲ್ಲ.

ಕಿವಿಯೇನೂ ಸಾಚಾ ಅಲ್ಲ. ನಮ್ಮ ದನಿ ನಮಗೆ ಗಾಳಿಯಲ್ಲೂ ತಲುಪುತ್ತದೆ, ತಲೆಯ ಮೂಳೆಗಳ ಮೂಲಕವೂ ತಲುಪುತ್ತದೆ. ಮೂಳೆಯ ದಾರಿಯಲ್ಲಿ ತಗ್ಗಿನ ಸ್ವರ ಚೆನ್ನಾಗಿ ಸಾಗುವುದರಿಂದ, ಮಾತಾಡುವಾಗ ನಾವು ನಮಗೇ ಬಲು ಗಂಭೀರವಾಗಿ ಕೇಳಿಸುತ್ತೇವೆ. ರೆಕಾರ್ಡಿಂಗ್ ಕೇಳಿದ ದಿನ ‘ಛೇ, ಇದು ನಂದಲ್ಲ’ ಅನ್ನುತ್ತೇವೆ. ಜೊತೆಯಲ್ಲಿರುವವರು ‘ನಿಂದೇ, ಇನ್ಯಾರದು?’ ಅಂತ ನಗುತ್ತಾರೆ. ಇಷ್ಟು ದಿನ ಅವರು ಕೇಳಿಸಿಕೊಂಡಿದ್ದು ಆ ಪೀಚು ದನಿಯನ್ನೇ, ಪಾಪ.